ಕೆಮ್ಮಣ್ಣಿಗೊಂದು ಕಾರಣ

ನಮ್ಮ ವಿಜ್ಞಾನ ಮಾಸ್ಟ್ರ ಬಲಗೈ ಹೆಬ್ಬೆರಳಿನ ಉಗುರು ಸದಾ ಅರಶಿನದ ಬಣ್ಣಕ್ಕಿರುತ್ತಿತ್ತು. ನಮ್ಮೂರು ಕಕ್ಕಿಂಜೆಯಲ್ಲಿ ಯಾರದಾದರೂ ಅಂಗಳದಲ್ಲಿ ಕೆಂಪು ನೀರು ಚೆಲ್ಲಿದ್ದು ಕಂಡು ಮನೆಯವರು ಮಾಟವೆಂದು ಹೆದರಿದರೆ, ಮರುದಿನ ತರಗತಿಯಲ್ಲಿ ಅರಶಿನದ ನೀರಿಗೆ ಸುಣ್ಣ ಕಲಸಿ ಅದೇ ಕೆಂಪನ್ನು ತೋರಿಸುತ್ತಿದ್ದರು. ಆದರೆ ಹೆದರಿದವರನ್ನು ಗೇಲಿ ಮಾಡುತ್ತಿರಲಿಲ್ಲ.

"ಹಿಂದಿನವರು ದಡ್ಡರಲ್ಲ ಮಾರಾಯ. ಏನೋ ಕಾರಣ ಉಂಟು, ಹುಡುಕುವ" ಎನ್ನುತ್ತಿದ್ದರು. ಹುಡುಕಿದರೆ ಸಿಕ್ಕಿಯೇ ಸಿಗುತ್ತಿತ್ತು. ದೃಷ್ಟಿ ತೆಗೆಯುವ ಮೆಣಸಿನ ಹೊಗೆಗೂ, ಹೊಸ ಜೀಪಿನ ಚಕ್ರದಡಿ ಇಡುವ ಲಿಂಬೆಗೂ ಅವರಲ್ಲಿ ವಿವರಣೆಯಿತ್ತು. ಹೋಟೆಲಿನಲ್ಲಿ ಒಬ್ಬರು "ಮಾಸ್ಟ್ರೇ, ನನ್ನ ಹೆಂಡತಿಯ ಬಾಯಿಗೊಂದು ಕಾರಣ ಹುಡುಕಿ ಕೊಡಿ" ಎಂದರೆ, "ಅದಕ್ಕೆ ಹುಡುಕಲಿಕ್ಕೆ ಎಂತ ಉಂಟು? ಕಾರಣ ನೀನೇ" ಎಂದು ನಗಿಸುತ್ತಿದ್ದರು.

ಸರ್ಪಸುತ್ತಿನ ಮದ್ದನ್ನು ಅವರು ಬಹಳ ಇಷ್ಟಪಟ್ಟು ವಿವರಿಸುತ್ತಿದ್ದರು. ಮೈಮೇಲೆ ಪಟ್ಟಿಯಂತೆ ಉರಿಗುಳ್ಳೆ ಏಳುವ ಆ ಕಾಯಿಲೆಗೆ ಊರಿನ ಅಜ್ಜಿಯೊಬ್ಬರು ಮಂತ್ರ ಹೇಳುತ್ತ ಕೆಮ್ಮಣ್ಣು ಬಳಿಯುತ್ತಿದ್ದರು. ಮೈ ಸುತ್ತುವ ಹಾವಿನ ತಲೆಗೆ ಬಾಲ ಕೂಡಿದರೆ ಪ್ರಾಣಕ್ಕೇ ಅಪಾಯವೆಂಬ ನಂಬಿಕೆ. "ಮಂತ್ರ ಬಿಡಿ. ಮಣ್ಣು ನೀರು ಹೀರ್ತದೆ, ಗುಳ್ಳೆ ಒಣಗ್ತದೆ" ಎನ್ನುತ್ತಿದ್ದರು ಮಾಸ್ಟ್ರು.

ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಮೂಡುಬಿದಿರೆಯ ಕಾಲೇಜಿನಿಂದ ರಜೆಗೆ ಬಂದಾಗ, ನನ್ನ ತಾಯಿಗೆ, ಉಮ್ಮನಿಗೆ, ಹಣೆಯ ಎಡಭಾಗದಲ್ಲಿ ಸರ್ಪಸುತ್ತು ಎದ್ದಿತ್ತು. ರೆಪ್ಪೆ ಊದಿತ್ತು. ಅಜ್ಜಿ ಕೆಮ್ಮಣ್ಣು ಬಳಿದು ಹೋಗಿದ್ದರು.

"ಉಮ್ಮಾ, ಬೆಳ್ತಂಗಡಿಗೆ ಹೋಗುವ. ಡಾಕ್ಟರು ನೋಡಲಿ."

"ನಿನ್ನ ಮಾಸ್ಟ್ರೇ ಹೇಳಿದ್ದಾರೆ ಮೋನೇ, ಇದರಲ್ಲಿ ವಿಜ್ಞಾನ ಉಂಟಂತೆ. ಅಜ್ಜಿ ಮಾತ್ರ ಹೇಳಿದ್ದರೆ ನಾನೇ ಹೆದರ್ತಿದ್ದೆ."

ಸಂಜೆ ಮಾಸ್ಟ್ರೂ ಬಂದು ನೋಡಿದರು. "ಒಣಗ್ಲಿಕ್ಕೆ ಶುರುವಾಗಿದೆ" ಎಂದರು. ನಿಜ, ಹಣೆಯ ಗುಳ್ಳೆಗಳು ಚೆನ್ನಾಗಿ ಒಣಗಿದವು. ಆದರೆ ಕಣ್ಣು ಕೆಂಪೇರಿತು. ನೋವಿಗೆ ಉಮ್ಮ ತಲೆಯನ್ನು ಗೋಡೆಗೆ ಒತ್ತಿ ಕೂರತೊಡಗಿದರು. ಮಂಗಳೂರಿಗೆ ಕರೆದೊಯ್ದಾಗ ಡಾಕ್ಟರು, ಕಾಯಿಲೆ ಕಣ್ಣಿನೊಳಗೆ ಇಳಿದಿದೆ, ಗುಳ್ಳೆ ಎದ್ದಾಗಲೇ ಬರಬೇಕಿತ್ತು ಎಂದರು. ಗುಳ್ಳೆಗಳು ಏನೂ ಹಚ್ಚದಿದ್ದರೂ ಒಣಗುತ್ತಿದ್ದವಂತೆ. ಎಡಗಣ್ಣಿನ ದೃಷ್ಟಿ ಮರಳಲಿಲ್ಲ.

ಸುದ್ದಿ ತಿಳಿದು ಮಾಸ್ಟ್ರು ಬಂದರು. ಜಗಲಿಯಲ್ಲಿ ಕೂತರು. ಉಮ್ಮನೇ ಚಹಾ ತಂದಿಟ್ಟು, "ಒಂದು ಕಣ್ಣು ಉಂಟಲ್ಲ ಮಾಸ್ಟ್ರೇ. ನೀವು ಒಳ್ಳೆಯದಕ್ಕೇ ಹೇಳಿದ್ದು. ಕುಡಿಯಿರಿ, ತಣಿಯುತ್ತದೆ" ಎಂದರು.

ಅವರು ಲೋಟ ಮುಟ್ಟಲಿಲ್ಲ. ನನ್ನ ಕಡೆ ತಿರುಗಿ, "ಹೇಗೆ ಗುಣ ಆಗ್ತದೆ ಅಂತ ಹುಡುಕಿದೆ. ನಿಜವಾಗಿ ಗುಣ ಆಗ್ತದಾ ಅಂತ ಮೊದಲು ನೋಡ್ಬೇಕಿತ್ತು" ಎಂದರು. ಇಷ್ಟು ವರ್ಷಗಳಲ್ಲಿ ನಾನು ಕಲಿತ ವಿಜ್ಞಾನದಲ್ಲಿ ಇದಕ್ಕಿಂತ ದೊಡ್ಡ ಪಾಠವಿಲ್ಲ. ಅದರ ಬೆಲೆ ನಮ್ಮ ಮನೆಯಿಂದ ಹೋಯಿತು.

ಆಮೇಲೆ ಅವರು ಯಾವುದಕ್ಕೂ ಕಾರಣ ಹೇಳಲಿಲ್ಲ. ಕೇಳಿದರೆ "ಗೊತ್ತಿಲ್ಲ" ಎನ್ನುತ್ತಿದ್ದರು. ಯಾರಿಗಾದರೂ ಸರ್ಪಸುತ್ತು ಎಂದು ಕಿವಿಗೆ ಬಿದ್ದರೆ ತಾವೇ ಬಸ್ಸು ಹತ್ತಿಸಿ ಬೆಳ್ತಂಗಡಿಗೆ ಕರೆದೊಯ್ಯುತ್ತಿದ್ದರು. ನಮ್ಮ ಮನೆಗೂ ಬರುತ್ತಿದ್ದರು, ಆದರೆ ಉಮ್ಮನ ಮುಖ ನೋಡಿ ಮಾತಾಡುತ್ತಿರಲಿಲ್ಲ. "ನಿನ್ನ ಮಾಸ್ಟ್ರು ನೆಲದೊಟ್ಟಿಗೆ ಮಾತಾಡ್ತಾರೆ" ಎಂದು ಉಮ್ಮ ನಗಲು ನೋಡುತ್ತಿದ್ದರು.

ಕೆಲವು ವರ್ಷಗಳ ನಂತರ ಅವರು ಹೃದಯಾಘಾತದಿಂದ ತೀರಿಕೊಂಡರು. ಉಮ್ಮ ನನ್ನೊಂದಿಗೆ ಅವರ ಮನೆಗೆ ಬಂದರು. ಅವರನ್ನು ಮಲಗಿಸಿದ್ದ ಚಾಪೆಯ ಪಕ್ಕದಲ್ಲಿ ಕೂತು, ಮುಖವನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಬಲಗಣ್ಣಿನಿಂದ ಅವರನ್ನು ಬಹಳ ಹೊತ್ತು ನೋಡಿದರು.