ಬಾಳೆಹಣ್ಣಿನ ಜ್ವರ ನೋಡಿದ ಕಾಕಾ

ಕಮಲಾಪುರದಿಂದ ಅತ್ತಿಗೆ ಕಳಿಸಿದ ಬುಟ್ಟಿಯ ಮೇಲಿನ ಕಾಗದ ತೆಗೆದೆ. ಕೆಂಪು ಬಾಳೆಹಣ್ಣು, ಸಿಪ್ಪೆಗೆ ಅಂಟಿಕೊಂಡ ತೆಳು ಹೊಗೆಯ ವಾಸನೆ. ಬೆಳಗಿನ ಕೆಲಸಗಳನ್ನು ಒಂದರ ಹಿಂದೊಂದು ಮುಗಿಸುವವಳು ನಾನು. ನಡುವೆ ಕೂರುವ ಅಭ್ಯಾಸವಿಲ್ಲ. ಇವತ್ತು ಕೂತುಬಿಟ್ಟೆ. ಪಕ್ಕದ ಮನೆಯ ಕಾಕಾ ನೆನಪಾದರು...

ಬ್ರಹ್ಮಪುರ ಬಡಾವಣೆಯಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ‘ಬಾಯಾರು’, ಅವರು ಪಾಲಿಟೆಕ್ನಿಕ್ಕಿನಲ್ಲಿ ಅಳತೆಯ ಉಪಕರಣಗಳ ಪಾಠ ಹೇಳುತ್ತಿದ್ದರು. ಮನೆಯೊಳಗೆ ಮರಾಠಿ, ಕಟ್ಟೆಗೆ ಬಂದರೆ ಕನ್ನಡ. ತೊಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಅಧ್ಯಾಪಕರ ತರಬೇತಿಗೆ ಹೋಗಿ ಬಂದವರೇ ನನ್ನನ್ನು ಕರೆದು ಒಂದು ಬೆಂಕಿಪೊಟ್ಟಣ ತೆರೆದರು. ಒಳಗೆ ಹತ್ತಿಯ ಮೇಲೆ ಕರಿ ಚೂರೊಂದು, ಜೋಳದ ಕಾಳಿಗಿಂತ ಚಿಕ್ಕದು.

"ಬಾಯಾರ, ಇದು ಸೆನ್ಸರ್. ಎಷ್ಟು ಬಿಸಿ ಅದ ಅಂತ ಹೇಳ್ತದ. ಇದರ ಅಣ್ಣತಮ್ಮರು ಒತ್ತಡ ಹೇಳ್ತಾರ, ಅಲುಗಾಟ ಹೇಳ್ತಾರ. ಜರಾ ತಡೀರಿ, ಇನ್ನ ಮ್ಯಾಲ ಕಾರಿನ್ಯಾಗ, ದವಾಖಾನ್ಯಾಗ, ಮುಂಗೈ ಮ್ಯಾಲ, ಎಲ್ಲಾ ಕಡಿ ಇವೇ ಕೂಡ್ತಾವ."

"ಮೊದಲ ನಮ್ಮ ಒಲಿ ಮ್ಯಾಲ ಕೂಡಲಿ. ಹಾಲು ಉಕ್ಕೋದಾದ್ರೂ ಹೇಳಲಿ," ಎಂದು ಒಳಗಿನಿಂದ ಅವರ ಹೆಂಡತಿ ಕಾಕು ಅಂದರು. ಕಾಕಾ ನಕ್ಕರು. ಅವರು ಸಿಟ್ಟಾದದ್ದನ್ನು ನಾನು ಎಂದೂ ನೋಡಲೇ ಇಲ್ಲ.

ಕಮಲಾಪುರ ನನ್ನ ತವರು. ಕೆಂಪು ಬಾಳೆಯ ಗೊನೆ ಕೈಗೆ ಬರಬೇಕಾದರೆ ವರ್ಷದ ಮೇಲೆ ಕಾಯಬೇಕು. ಕಾದು ಕೊಯ್ದ ಗೊನೆಗಳನ್ನು ಅಣ್ಣ ಮಣ್ಣಿನ ಕೋಣೆಯಲ್ಲಿ ತುಂಬಿ, ಗಡಿಗೆಯಲ್ಲಿ ಸೆಗಣಿಯ ಕುಳ್ಳಿನ ಹೊಗೆ ಹಾಕಿ ಬಾಗಿಲು ಮುಚ್ಚುತ್ತಿದ್ದ. ಸಂದುಗೊಂದುಗಳಿಗೆಲ್ಲ ಅತ್ತಿಗೆ ಸೆಗಣಿ ಕಲಸಿದ ಮಣ್ಣು ಮೆತ್ತುತ್ತಿದ್ದಳು. ಆಮೇಲೆ ಬಾಗಿಲಿಗೆ ಅಂಗೈ ಇಟ್ಟು ಒಳಗಿನ ಶಾಖ ತಿಳಿಯಬೇಕು. ನಡುವೆ ತೆರೆದರೆ ಹೊಗೆ ಹೋಗಿ ಹಣ್ಣು ಅರೆಬರೆ, ತೆರೆಯದೆ ಶಾಖ ಹೆಚ್ಚಿದರೆ ಬೆಂದು ಕಪ್ಪು. ಹಿಂದಿನ ಹಂಗಾಮಿನಲ್ಲಿ ಒಂದು ಕೋಣೆ ಪೂರ್ತಿ ಬೆಂದಿತ್ತು. ಅದಕ್ಕೇ ನಾನು ಅಣ್ಣನ ಮುಂದೆ ಕಾಕಾನ ಮಾತೆತ್ತಿದೆ, ಆ ಚಳಿಗಾಲ ಅವರನ್ನು ಕಮಲಾಪುರಕ್ಕೆ ಕರೆದುಕೊಂಡು ಹೋದೆ.

"ಈ ಕಾಳು ನನ್ನ ಹಣ್ಣಿಗಿ ಜ್ವರ ನೋಡ್ತದೇನ್ರಿ ಸರ್?" ಅಣ್ಣ ಬೆಂಕಿಪೊಟ್ಟಣದೊಳಗೆ ಇಣುಕಿ ಕೇಳಿದ.

"ನೋಡ್ತದ್ರಿ. ಔಷಧ ಮಾತ್ರ ನೀವೇ ಕೊಡಬೇಕು."

ಅಣ್ಣ ನನ್ನ ಕಡೆ ತಿರುಗಿದ. "ನೀ ಹೇಳ್ತಿ ಅಂತ ಬಿಡ್ತೀನಿ. ಕೋಣಿ ಕೆಟ್ಟರ ಈ ಮನ್ಯಾಗ ನಿನ್ನ ಮಾತು ಮತ್ತ ನಡಿಯಂಗಿಲ್ಲ, ನೋಡು ತಂಗಿ."

ಕಾಕಾ ಗೋಡೆಯಲ್ಲಿ ಎರಡು ಕಿಂಡಿ ಕೊರೆದು, ಮೇಲಿನದರಲ್ಲಿ ಒಂದು, ಕೆಳಗಿನದರಲ್ಲಿ ಅಂಥದೇ ಇನ್ನೊಂದು ಕಾಳು ಕೂರಿಸಿ, ತಂತಿ ಹೊರಗೆಳೆದು ಎರಡು ಮುಳ್ಳಿನ ಮೀಟರಿಗೆ ಜೋಡಿಸಿದರು. ದಾಟಬಾರದ ಶಾಖಕ್ಕೆ ಕೆಂಪು ಗೆರೆ. ಚಳಿ ಜೋರಿದೆ ಎಂದು ಅಣ್ಣ ಆ ಸಲ ಇನ್ನೊಂದು ಗಡಿಗೆ ಹೆಚ್ಚಿಗೆ ಇಟ್ಟ. ಬಾಗಿಲು ಮುಚ್ಚುವ ಮೊದಲು ಅತ್ತಿಗೆ ಒಳಗೋಡೆಗೂ ಕೈ ನಿಲುಕುವಷ್ಟು ಎತ್ತರಕ್ಕೆ ಒಂದು ಸುತ್ತು ಮಣ್ಣು ಮೆತ್ತಿ ಬಂದಳು.

ಮರುದಿನ ಬೆಳಿಗ್ಗೆ ಮೇಲಿನ ಕಾಳಿನ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಿತ್ತು. ಕೆಳಗಿನದು ಅಲ್ಲಾಡಿರಲಿಲ್ಲ. ಅಣ್ಣ ಬಾಗಿಲಿಗೆ ಅಂಗೈ ಇಟ್ಟ. ಹಸಿ ಮಣ್ಣು, ತಣ್ಣಗಿತ್ತು.

"ಬಾಗಿಲಾ ತಣ್ಣಗದ, ಕೆಳಗಿನ ಕಾಳೂ ತಣ್ಣಗದ. ಮ್ಯಾಲಿನ ಕಾಳಿಗೇ ಜ್ವರ ಬಂದದ್ರಿ ಸರ್. ನಾ ತೆರಿಯಂಗಿಲ್ಲ."

ವರ್ಷದ ಬೆಳೆ ಒಳಗಿತ್ತು. ಅವನದೂ ತಪ್ಪಲ್ಲ. ಕಾಕಾ ವಾದಕ್ಕೆ ನಿಲ್ಲಲಿಲ್ಲ. ಮೊಣಕಾಲೂರಿ ಕೂತು, ಕೆಳಗಿನ ತಂತಿಯನ್ನು ಮೆಲ್ಲಗೆ ಹೊರಗೆಳೆದರು. ತುದಿಯಲ್ಲಿ ಕಾಳು ಕಾಣಲಿಲ್ಲ. ಸೆಗಣಿ ಮಣ್ಣಿನ ಉಂಡೆಯೊಂದು ಜೋತಾಡುತ್ತಿತ್ತು.

"ಅವ್ವಾ, ನನ್ನ ಕಾಳಿಗಿ ಬೋಂಡಾ ಮಾಡೀರಲ್ಲ!"

ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ತೂತು ಕಂಡ್ರ ಮುಚ್ಚೂದೇ ನನ್ನ ಕೆಲಸರಿ! ಯಾರೂ ಹೇಳಲಿಲ್ಲ ನನಗ."

ಹೇಳದೆ ಹೋದದ್ದು ತಮ್ಮ ತಪ್ಪೆಂದು ಕಾಕಾ ಅಂದರು. ಕಾಳನ್ನು ಒರೆಸಿದರು, ಕಿಂಡಿಗೆ ಕಡ್ಡಿ ಹಾಕಿ ಮಣ್ಣು ತಳ್ಳಿದರು, ಮತ್ತೆ ಕೂರಿಸಿದರು. ನಾವೆಲ್ಲ ಮೀಟರಿನ ಮುಂದೆ ಬಗ್ಗಿದೆವು. ಕೆಳಗಿನ ಮುಳ್ಳು ನಡುಗಿತು, ನಿಧಾನ ಏರಿತು, ಏರುತ್ತಲೇ ಹೋಯಿತು. ಅಣ್ಣ ಗುದ್ದಲಿ ತಂದು ಬಾಗಿಲ ಮಣ್ಣು ಒಡೆದ. ಬಿಸಿ ಹೊಗೆ ಮುಖಕ್ಕೆ ಹೊಡೆಯಿತು. ಹೆಚ್ಚಿಗೆ ಇಟ್ಟ ಗಡಿಗೆ ಹೊರಗೆ ಬಂತು. ಮೇಲಿನ ಮೂಲೆಯ ಗೊನೆಗಳು ಕಪ್ಪಿಟ್ಟಿದ್ದವು. ಉಳಿದದ್ದೆಲ್ಲ ಉಳಿಯಿತು. ಬಾಗಿಲು ಮತ್ತೆ ಮುಚ್ಚಿ ಹಣ್ಣು ಮಾಡಿದೆವು.

ಆ ಸಲ ಸೂಪರ್ ಮಾರ್ಕೆಟ್ ಎಂಬ ನಮ್ಮ ಪೇಟೆಯಲ್ಲಿ ಅಣ್ಣ ವ್ಯಾಪಾರಿಗಳ ಮುಂದೆ ಎದೆಯುಬ್ಬಿಸಿ ನಿಂತದ್ದನ್ನು ನಾನೇ ಕಂಡೆ. "ನಮ್ಮ ಹಣ್ಣಿಗಿ ಡಾಕ್ಟರ್ ಇದ್ದಾರ್ರಿ, ಬ್ರಹ್ಮಪುರದಾಗ!" ಮುಂದೆ ಪ್ರತಿ ಹಂಗಾಮಿನ ಮೊದಲ ಚಿಪ್ಪು ಕಾಕಾನ ಮನೆಗೆ ಹೋಗುವುದು ರೂಢಿಯಾಯಿತು. ಕಾಕಾ ತಮ್ಮ ಪಾಲಿಟೆಕ್ನಿಕ್ಕಿನ ಹುಡುಗರನ್ನು ಕಮಲಾಪುರಕ್ಕೆ ಕರೆದುಕೊಂಡು ಹೋಗಿ ಆ ಕೋಣೆ ತೋರಿಸುತ್ತಿದ್ದರು. ಮೊದಲು ಮೀಟರು ತೋರಿಸುತ್ತಿರಲಿಲ್ಲ, ಅತ್ತಿಗೆಯನ್ನು ತೋರಿಸುತ್ತಿದ್ದರು. "ಉಪಕರಣ ಕೂಡಿಸೋಕಿಂತ ಮೊದಲು ಆ ಮನೀ ಮಂದಿ ಏನು ಮಾಡ್ತಾರ, ಕೇಳ್ರಪಾ." ಆ ಹುಡುಗರಲ್ಲಿ ಕೆಲವರು ಇಂದು ಅಂಥದೇ ಕಾಳುಗಳನ್ನು ತಯಾರಿಸುವ ಕಡೆ ಇದ್ದಾರೆ. ಗೋಡೆಯಾಚೆಯವಳಾಗಿ ನನಗೂ ಅದರಲ್ಲಿ ಪಾಲಿದೆ ಎಂದು ಹೆಮ್ಮೆಪಡುತ್ತೇನೆ.

ಈಗ ನನ್ನ ಮುಂಗೈ ಮೇಲೆ ನಾಡಿ ಲೆಕ್ಕ ಹಾಕುವ ಪಟ್ಟಿಯಿದೆ. ಫೋನು ಅಡ್ಡ ಹಿಡಿದರೆ ಚಿತ್ರ ತಾನೇ ಅಡ್ಡ ತಿರುಗುತ್ತದೆ. ಕಾಕಾ ಕಟ್ಟೆಯ ಮೇಲೆ ಕೂತು ಹೇಳಿದ್ದೆಲ್ಲ ಬಂತು... ಬರುವ ಮೊದಲೇ ಅವರು ಹೋದರು. ಕಾಕುವೂ ಹೋದರು. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ.

ಹಣ್ಣು ಮುಟ್ಟಿತೆಂದು ಹೇಳಲು ಅತ್ತಿಗೆಗೆ ಫೋನ್ ಮಾಡಿದೆ. ಕೋಣೆಗೆ ಹೊಸ ಯಂತ್ರ ಬಂದಿದೆಯಂತೆ, ಗೋಡೆಯ ಕಿಂಡಿಗಳಿಗೆ ಕೆಲಸವಿಲ್ಲವಂತೆ.

"ಮತ್ತ ಮುಚ್ಚಿದೇನು?" ಎಂದೆ.

"ಹ್ಯಾಂಗ ಮುಚ್ಚಲಿ? ಎಲ್ಲಾ ಕಡಿ ಮೆತ್ತಿದೆ. ಆ ಎರಡು ಕಿಂಡಿ ಹತ್ತರ ಬಂದ್ರ ಕೈ ತಾನೇ ನಿಲ್ತದ."

ಫೋನ್ ಇಟ್ಟು ನೋಡಿದರೆ, ಮೊದಲ ಚಿಪ್ಪನ್ನು ನಾನು ಆಗಲೇ ಬೇರೆ ತೆಗೆದಿಟ್ಟಿದ್ದೆ.