ಬೇಡ ಅಂದರೆ ಬೇಡವೆಂದೇ ತಿಳಿಯುವ ನಡುಗಡ್ಡೆ

ನಿಜ ಹೇಳಿ, ನಿಮಗೂ ಹೀಗಾಗಿದೆಯಾ? ಹೊಟ್ಟೆ ಚುರುಚುರು ಅನ್ನುತ್ತಿರುತ್ತದೆ. ಬಡಿಸುವವನು ಪಾತ್ರೆ ಹಿಡಿದು ಪಕ್ಕದಲ್ಲೇ ನಿಂತು "ಇನ್ನು ಬೇಕಾ?" ಎಂದು ಕೇಳುತ್ತಾನೆ. ನೀವು ಮರ್ಯಾದೆಗೆ "ಬೇಡ" ಅನ್ನುತ್ತೀರಿ. ಆ ಪುಣ್ಯಾತ್ಮ ನಿಜವಾಗಿಯೂ ಹೊರಟುಹೋಗುತ್ತಾನೆ!

ನನಗಾಗಿದೆ. ಒಂದು ಹೊತ್ತಲ್ಲ, ಮೂರು ದಿನ.

ಮೊನ್ನೆ ಯಾರೋ ನೀಲಿ ನೀರು, ಬಿಳಿ ಮರಳು, ಒರಗುಕುರ್ಚಿ ಇರುವ ಫೋಟೊ ಹಾಕಿ, ಇಂಥ ದುಬಾರಿ ದ್ವೀಪದ ರೆಸಾರ್ಟಿನಲ್ಲಿ ರಜೆ ಕಳೆಯುವುದು ನಿಮಗೆ ಒಗ್ಗುತ್ತದೆಯೇ ಎಂದು ಕೇಳಿದ್ದರು. ಒಂದು ಸಾಲಿನಲ್ಲಿ ಉತ್ತರ ಬರೆಯಲು ಹೋದೆ, ಆಗಲಿಲ್ಲ. ನಾನು ಅಂಥ ಜಾಗಕ್ಕೆ ಹೋಗಿದ್ದು ಅರವತ್ತರ ದಶಕದಲ್ಲಿ, ಮದುವೆಯಾದ ಹೊಸದರಲ್ಲಿ, ಅತ್ತೆಯ ಜೊತೆ. ಅತ್ತೆ ಜೊತೆಗಿದ್ದರು ಅಂದಮೇಲೆ ಕಥೆ ಒಂದು ಸಾಲಿನಲ್ಲಿ ಮುಗಿಯುವುದುಂಟೇ?

ಮೊದಲು ನಮ್ಮ ಕಡೆಯ ಪದ್ಧತಿ ಹೇಳಿಬಿಡುತ್ತೇನೆ. ಹಾಸನಕ್ಕೆ ಹೋಗಿ, ಅರಕಲಗೂಡಿಗೆ ಹೋಗಿ, ನನ್ನ ತವರು ಚನ್ನರಾಯಪಟ್ಟಣಕ್ಕೆ ಹೋಗಿ, ನೆಂಟರ ಮನೆಯಲ್ಲಿ ಉಣ್ಣಲು ಕೂತರೆ ಮೊದಲ ಸಲ ಬಡಿಸಲು ಬಂದಾಗ ಬೇಡ ಅನ್ನಲೇಬೇಕು. ಮತ್ತೆ ಬಂದಾಗಲೂ ಬೇಡ. ಆಮೇಲೆ ಎಲೆಗೆ ಕೈ ಅಡ್ಡ ಹಿಡಿಯಬೇಕು. ಬಡಿಸುವವರು ಆ ಕೈಯನ್ನು ಪಕ್ಕಕ್ಕೆ ತಳ್ಳಿ ಮುದ್ದೆ ಇಡಬೇಕು. ಅರಕಲಗೂಡಿನ ನನ್ನ ಚಿಕ್ಕಮ್ಮನಿಗೆ ತಳ್ಳುವಷ್ಟು ತಾಳ್ಮೆ ಇರಲಿಲ್ಲ, ಕೈಮೇಲೆಯೇ ಸಾರು ಬಿಟ್ಟುಬಿಡುತ್ತಿದ್ದಳು. ನೆಂಟರು ಕೈ ಊದಿಕೊಳ್ಳುತ್ತ "ಎಂಥಾ ಉಪಚಾರ ಕಣಮ್ಮ" ಎಂದು ಹೊಗಳಿಕೊಂಡು ಹೋಗುತ್ತಿದ್ದರು. ಕೇಳಿದ ತಕ್ಷಣ "ಹ್ಞೂಂ, ಹಾಕಿ" ಅಂದವರು ಮಾತ್ರ ಕೆಟ್ಟರು. ಅವರ ಮನೆಯಲ್ಲಿ ಅನ್ನಕ್ಕೇ ಗತಿಯಿಲ್ಲ ಎಂಬ ಸುದ್ದಿ ಅವರಿಗಿಂತ ಮೊದಲೇ ಅವರ ಊರು ಸೇರುತ್ತಿತ್ತು.

ನನ್ನನ್ನು ಕೊಟ್ಟಿದ್ದು ಹೊಳೆನರಸೀಪುರಕ್ಕೆ. ಮನೆಯಲ್ಲಿ ಅತ್ತೆ, ಬೇಸಾಯ ನೋಡಿಕೊಳ್ಳುವ ಭಾವ, ಓರಗಿತ್ತಿ, ನಾವಿಬ್ಬರು. ಒಲೆ ಒಂದೇ, ಅದರ ಮುಂದೆ ಅತ್ತೆ. ನಾನು ಮುದ್ದೆ ಕಟ್ಟಿಟ್ಟರೆ ಅದನ್ನು ಎಲ್ಲರೆದುರು ಮುರಿದು ಬೆಳಕಿಗೆ ಹಿಡಿಯುತ್ತಿದ್ದರು. "ನೋಡ್ರಪ್ಪಾ, ಒಳಗೆ ಗೋಲಿಗುಂಡು ಅಡಗ್ಸವ್ಳೆ. ನಿಮ್ಮ ಪಟ್ಣದ ಕಡೆ ಇಟ್ಟು ತೊಳಸೋದು ಕಲಿಸ್ನಿಲ್ವೇನಮ್ಮಿ?" ನನಗಿಂತ ಐದಾರು ವರ್ಷ ಮೊದಲು ಬಂದಿದ್ದ ಓರಗಿತ್ತಿಯ ಮುದ್ದೆಯೂ ಹೀಗೇ ತಪಾಸಣೆಗೆ ಹೋಗುತ್ತಿತ್ತು. ನನಗೆ ಒಡವೆ ಬೇಡ, ಸೀರೆ ಬೇಡ, ನನ್ನದೇ ಒಂದು ಒಲೆ ಬೇಕಿತ್ತು. ಗಂಟಿನ ಮುದ್ದೆಯನ್ನೇ ಮಾಡಿ, ಯಾರ ಅಪ್ಪಣೆಯೂ ಇಲ್ಲದೆ ನುಂಗಬೇಕಿತ್ತು.

ನನ್ನ ಯಜಮಾನರು ಹಾಸನದಲ್ಲಿ ಒಬ್ಬ ಕಾಫಿ ಸಾಹುಕಾರರ ಗೋದಾಮಿನಲ್ಲಿ ಗುಮಾಸ್ತರು. ಸಾಹುಕಾರರು ವಿಲಾಯಿತಿಯಲ್ಲಿ ಓದಿ ಬಂದವರು, ಒಳ್ಳೆಯವರು. ಘಟ್ಟದ ಕೆಳಗೆ, ಹೊಳೆ ಸಮುದ್ರ ಸೇರುವಲ್ಲಿ ಒಂದು ಪುಟ್ಟ ನಡುಗಡ್ಡೆ ಕೊಂಡು, ಸ್ನೇಹಿತರು, ಬಿಳಿ ದೊರೆಗಳು ಬಂದು ತಂಗಲೆಂದು ಭಾರೀ ಗೆಸ್ಟ್ ಹೌಸ್ ಕಟ್ಟಿಸಿದ್ದರು. ಅದಕ್ಕೆ ನಂಬಿಕಸ್ತ ಮ್ಯಾನೇಜರು ಬೇಕಿತ್ತು. ನಮ್ಮವರನ್ನು ಕರೆದು, "ಎರಡು ಕೋಣೆ, ಅಡುಗೆಮನೆ ಇರೋ ಕ್ವಾರ್ಟರ್ಸ್ ಕೊಡ್ತೀನಿ. ಮೂರು ದಿನ ಮನೆಯೋರ ಜೊತೆ ಹೋಗಿದ್ದು ಬನ್ನಿ. ಒಗ್ಗಿದರೆ ಹೇಳಿ" ಅಂದರಂತೆ.

ಅಡುಗೆಮನೆ ಎಂಬ ಮಾತು ಕೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ. "ಓಗಾಣ ರೀ" ಅಂದೆ.

"ಅವ್ವ ಊ ಅಂದ್ರೆ ಓಗಾಣ."

"ಅತ್ತೆ ಊ ಅನ್ನದಿದ್ರೆ?"

"ಅವ್ವ ಊ ಅಂದ್ರೆ ಓಗಾಣ ಕಣೆ."

ಅಲ್ಲಿಗೆ ತಿಳಿಯಿತು, ಅತ್ತೆಗೆ ಆ ಜಾಗ ಹಿಡಿಸಬೇಕು. ಹಿಡಿಸಿ, "ನೀವಿಬ್ರೂ ಓಗಿ, ನಾನಿಲ್ಲೇ ದೊಡ್ಡೋನ ಜೊತೆ ಇರ್ತೀನಿ" ಎಂದು ಅವರ ಬಾಯಲ್ಲೇ ಬರಬೇಕು. ಹೊರಡುವ ದಿನ ಅವರಿಗೆ ಎಣ್ಣೆ ಹಚ್ಚಿ ನೀರು ಹಾಕಿದೆ, ತಲೆ ಬಾಚಿದೆ. "ಏನಮ್ಮಿ, ನನ್ನ ಮದ್ವಣಗಿತ್ತಿ ಮಾಡ್ತಿದ್ದೀಯಾ?" ಅಂದರು.

ಮದುವಣಗಿತ್ತಿ ಬಸ್ಸು ಹತ್ತಿದ್ದು ಒಂದು ಮೂಟೆ ತೆಂಗಿನಕಾಯಿಯ ಸಮೇತ. ಹಾಸನದಲ್ಲಿ ಬಸ್ಸು ಬದಲಿಸಿದಾಗ ಆ ಬಸ್ಸಿನ ಕಂಡಕ್ಟರ್ ಮೂಟೆ ಒದ್ದು ನೋಡಿ ನಕ್ಕ. "ಏನವ್ವಾ, ಘಟ್ಟದ ಕೆಳಕ್ಕೆ ಕಾಯಿ ಒತ್ಕಂಡ್ ಓಯ್ತಿದ್ದೀಯಾ? ಅಲ್ಲಿ ಕಾಯಿ ಬುಟ್ರೆ ಇನ್ನೇನೈತೆ?"

"ಅವ್ರ ತಾವ ಇದ್ರೆ ಅವ್ರಿಗೆ. ಬರಿಗೈಲಿ ಒಬ್ರ ಮನೆ ಬಾಗ್ಲಿಗೆ ಓಗಾಕಾಯ್ತದೇನ್ಲಾ? ನಿಮ್ಮವ್ವ ಇಂಗೇ ಕಳಿಸ್ತಾಳಾ ನಿನ್ನ?"

ಮಾರನೆಯ ಬೆಳಿಗ್ಗೆ ದೋಣಿಯಲ್ಲೂ ಅತ್ತೆ ಆ ಮೂಟೆಯನ್ನು ತಬ್ಬಿಕೊಂಡೇ ಕೂತಿದ್ದರು. ಗೆಸ್ಟ್ ಹೌಸ್ ನೋಡಿ ನನ್ನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಬಿಳಿ ಗೋಡೆ, ಹಾಲಿನಂಥ ಹಾಸಿಗೆ, ಬಿಳಿ ರುಮಾಲಿನ ಬೇರರ್. ಅತ್ತೆ ಮೂಟೆಯನ್ನು ಅವನ ಮುಂದಿಟ್ಟರು. ಆತ ಕರಾವಳಿಯವನು, ಕೈಮುಗಿದು, "ಬೇಡ ಅಮ್ಮ, ಇಲ್ಲಿ ಬೇಕಾದಷ್ಟು ಉಂಟು" ಅಂದ.

ಬೇಡ ಅಂದನಲ್ಲ, ಅತ್ತೆಗೆ ಖುಷಿಯೋ ಖುಷಿ. "ಒಳ್ಳೆ ಮನೇಲಿ ಉಟ್ಟಿರೋ ಉಡ್ಗ ಕಣಮ್ಮಿ, ಎಂಗೆ ಬ್ಯಾಡ ಅಂದ ನೋಡು" ಎಂದು ಮೂಟೆಯನ್ನು ಅಡುಗೆಮನೆಯ ಬಾಗಿಲಲ್ಲಿಟ್ಟು ಬಂದರು. ನಾವು ಕೋಣೆಗೆ ಬಂದು ಕೂರುವಷ್ಟರಲ್ಲಿ ಬೇರರ್ ಅದನ್ನು ಹೊತ್ತು ತಂದು, "ಅಮ್ಮ, ನಿಮ್ಮ ಸಾಮಾನು ಅಲ್ಲಿ ಮರೆತಿರಿ" ಎಂದು ಮಂಚದ ಕೆಳಗೆ ನೂಕಿ ಹೋದ. ಅತ್ತೆಯ ಮುಖ ಸಣ್ಣದಾಯಿತು.

ಮಧ್ಯಾಹ್ನದ ಊಟಕ್ಕೆ ಕೂತೆವು. ದೊಡ್ಡ ಮೇಜು, ಬಿಳಿ ಬಟ್ಟೆ. ಬೇರರ್ ಅನ್ನ, ಕೋಳಿ ಸಾರು ಚೂರುಚೂರೇ ಬಡಿಸಿದ. ನಾಲ್ಕು ತುತ್ತಿಗೆ ತಟ್ಟೆ ಖಾಲಿ. ಮತ್ತೆ ಬಂದ.

"ಇನ್ನು ಬೇಕಾ ಅಮ್ಮ?"

"ಅಯ್ಯೋ ಬ್ಯಾಡ ಕಣಪ್ಪಾ, ಒಟ್ಟೆ ತುಂಬೋಯ್ತು" ಎಂದು ಅತ್ತೆ ತಟ್ಟೆಗೆ ಕೈ ಅಡ್ಡ ಹಿಡಿದು ಕಾದರು.

"ಆಯ್ತು ಅಮ್ಮ" ಎಂದವನೇ ಆ ಕೈಯ ಕೆಳಗಿನಿಂದ ತಟ್ಟೆಯನ್ನು ಎಳೆದುಕೊಂಡು ಹೋದ. ನಮ್ಮವರೂ ಬೇಡ ಅಂದಿದ್ದರು, ಅವರ ತಟ್ಟೆಯೂ ಹೋಯಿತು. ನನ್ನದೂ ಅದೇ ಗತಿ. ಮೂವರೂ ಬರಿಯ ಮೇಜುಬಟ್ಟೆ ನೋಡುತ್ತ ಕೂತೆವು. "ಇನ್ನೊಂದ್ಸಲ ಬತ್ತಾನೆ ಸುಮ್ಕಿರಿ" ಅಂದರು ಅತ್ತೆ. ಬಂದ. ಬಾಳೆಹಣ್ಣಿನ ಪಾಯಸದಂಥದ್ದೇನೋ ತಂದು "ಸಿಹಿ ಬೇಕಾ?" ಅಂದ. ಅತ್ತೆ ಅಭ್ಯಾಸಬಲದಲ್ಲಿ "ಬ್ಯಾಡ" ಅಂದರು. ಅದೂ ಹೋಯಿತು.

ರಾತ್ರಿ ಊಟದಲ್ಲಿ ನಾನು ಧೈರ್ಯ ಮಾಡಿ "ಹ್ಞೂಂ, ಹಾಕಿ" ಅಂದೆ. ಮೇಜಿನ ಕೆಳಗೆ ಅತ್ತೆಯ ಕಾಲು ನನ್ನ ಕಾಲನ್ನು ಮೆಟ್ಟಿತು. "ಕೇಳ್ದೇಟ್ಗೆ ಊ ಅಂದ್ಬುಟ್ಯಲ್ಲೇ, ಕೂಳ್ ಕಾಣ್ದೋಳಂಗೆ! ಸಾವ್ಕಾರ್ರ ಕಿವಿಗೆ ಬಿದ್ರೆ ನನ್ನ ಮಗನ ಮಾನ ಏನಾಗ್ಬೇಕು?" ನಾನೂ ತಟ್ಟೆಗೆ ಕೈ ಅಡ್ಡ ಹಿಡಿದೆ. ಮಾರನೆಯ ಬೆಳಿಗ್ಗೆ ಬಿಡಿಸಿ ಹೇಳಿದೆ. "ಅತ್ತೆ, ಇಲ್ಲಿ ಬ್ಯಾಡ ಅಂದ್ರೆ ಬ್ಯಾಡ ಅಂತಲೇ ತಿಳ್ಕತಾರೆ."

"ಬ್ಯಾಡ ಅಂದ್ರೆ ಬ್ಯಾಡ ಅಂತಾನಾ? ಅಂಗಾರೆ ಅವ್ರು ಮನುಸ್ರೇ ಅಲ್ಲ ಬುಡು."

ಕಡೆಗೆ ನಮ್ಮನ್ನು ಕಾಪಾಡಿದ್ದು ಮಂಚದ ಕೆಳಗಿನ ಮೂಟೆ. ಹಿತ್ತಲಲ್ಲಿ ಕಲ್ಲಿಗೆ ಕಾಯಿ ಒಡೆದು, ದಾರಿಗೆಂದು ಕಟ್ಟಿಕೊಂಡಿದ್ದ ಬೆಲ್ಲದ ಜೊತೆ ಮೂವರೂ ಕಟಕಟ ತಿಂದೆವು. ಅಂಥ ದುಬಾರಿ ಜಾಗದಲ್ಲಿ ಮೂರು ದಿನವೂ ನಮ್ಮ ಹೊಟ್ಟೆ ತುಂಬಿಸಿದ್ದು ನಮ್ಮ ತೋಟದ ಕಾಯಿ!

ಹೊಟ್ಟೆಯದು ಹೀಗಾದರೆ ವಿಶ್ರಾಂತಿಯದು ಇನ್ನೊಂದು. ಬೇರರ್ ಮರಳಿನ ಮೇಲೆ ಬಟ್ಟೆಯ ಒರಗುಕುರ್ಚಿ ಹಾಕಿಕೊಟ್ಟ. ಅತ್ತೆ ಅದರ ಅಂಚಿಗೆ ಕೂತರು.

"ಈಗೇನ್ ಮಾಡ್ಬೇಕು?"

"ಏನೂ ಮಾಡ್ಬಾರ್ದು ಅತ್ತೆ. ಸಮುದ್ರ ನೋಡ್ಬೇಕು."

ನೋಡಿದರು. "ನೋಡ್ದೆ. ಈಗ?"

"ಇನ್ನೂ ನೋಡ್ಬೇಕು."

"ಅದೇ ನೀರು ಬತ್ತದೆ, ಅದೇ ನೀರು ಓಯ್ತದೆ. ಎಷ್ಟೊತ್ತು ನೋಡಾದು? ದುಡಿಯೋ ಕೈಗೆ ಶಾಪ ಕಣಮ್ಮಿ ಈ ಜಾಗ." ಎದ್ದವರೇ ಬಿದ್ದ ತೆಂಗಿನ ಗರಿ ಎಳೆದುಕೊಂಡು ಕಡ್ಡಿ ಸೀಳಲು ಕೂತರು. ಸಂಜೆಯ ಹೊತ್ತಿಗೆ ನಾಲ್ಕಾರು ಪೊರಕೆ ಕಟ್ಟಿ ಬೇರರ್‌ಗೆ ಕೊಡಲು ಹೋದರು. ಅವನು ಬೇಡ ಅಂದ. ಆ ಪೊರಕೆಗಳನ್ನೂ ಹೊತ್ತುಕೊಂಡೇ ಊರಿಗೆ ಬಂದೆವು.

ವಾಪಸು ಬರುವಾಗ ಹಾಸನದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅತ್ತೆ ಇಡ್ಲಿ ತಿಂದ ರಭಸಕ್ಕೆ ಮಾಣಿ ಹೆದರಿಹೋದ. ಕೈ ತೊಳೆದು ಬಂದು ತೀರ್ಪು ಕೊಟ್ಟರು. "ಮಗಾ, ಆ ನೀರ್ಗಡ್ಡೆ ನಮ್ಮಂತೋರಿಗಲ್ಲ ಕಣ್ಲಾ. ಉಪಾಸ ಕೆಡವಿ ಸಾಯಿಸ್ತಾರೆ. ಓಗಾದ್ ಬ್ಯಾಡ." ನಮ್ಮವರು ತಲೆ ಆಡಿಸಿದರು. ನನ್ನ ಒಲೆ ಅಲ್ಲೇ, ಆ ಇಡ್ಲಿ ತಟ್ಟೆಯ ಪಕ್ಕದಲ್ಲೇ ಆರಿಹೋಯಿತು. ಬಸ್ಸಿನ ಕಿಟಕಿಗೆ ಮುಖ ಹಾಕಿ ಊರು ಬರುವ ತನಕ ಅಳುತ್ತ ಕೂತೆ.

ನಮ್ಮವರು ಸಾಹುಕಾರರಿಗೆ ಬೇಡ ಎಂದು ಹೇಳಲು ಮುಜುಗರಪಟ್ಟು ದಿನ ದೂಡುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ಸಾಹುಕಾರರ ಕಾರೇ ನಮ್ಮ ಮನೆ ಮುಂದೆ ನಿಂತಿತು. ಮೈಸೂರಿಗೆ ಹೊರಟಿದ್ದರಂತೆ, ದಾರಿಯಲ್ಲಿ ಉತ್ತರ ಕೇಳಿ ಹೋಗೋಣವೆಂದು ಬಂದರಂತೆ. ಅತ್ತೆ ಕೂರಿಸಿ ಎಲೆ ಹಾಕಿಯೇ ಬಿಟ್ಟರು.

"ಬೇಡಮ್ಮ, ನನ್ನದು ಊಟ ಆಗಿದೆ" ಅಂದರು ಸಾಹುಕಾರರು.

"ಆಗ್ಲಿ ಬುಡಿ" ಎಂದು ಅತ್ತೆ ಮುದ್ದೆ ಇಟ್ಟರು. ಹಿದುಕಿದ ಅವರೆಕಾಳಿನ ಸಾರು ಬಿಟ್ಟರು. ಪಾಪ, ಸಾಹುಕಾರರು ಕಷ್ಟಪಟ್ಟು ಮುಗಿಸಿ "ಸಾಕು" ಅಂದರು. ಇನ್ನೊಂದು ಮುದ್ದೆ ಬಿತ್ತು. "ಅಮ್ಮ, ನಿಜವಾಗಿಯೂ ಬೇಡ" ಎಂದು ಎರಡೂ ಕೈ ಅಡ್ಡ ಹಿಡಿದರು. ಎರಡು ಕೈ ಅಂದರೆ ಬಹಳ ಹಸಿದಿದ್ದಾರೆ ಎಂದು ಅತ್ತೆ ಲೆಕ್ಕ ಹಾಕಿ, ಕೈ ಸರಿಸಿ, ಮೇಲೆ ತುಪ್ಪವನ್ನೂ ಸುರಿದರು. ಆ ಮನುಷ್ಯ ಬೆವರುತ್ತ, ಮಾತು ಬದಲಿಸಲೆಂದೋ ಏನೋ, ಕೇಳಿದರು. "ಅಮ್ಮ, ನಮ್ಮ ಗೆಸ್ಟ್ ಹೌಸ್ ನಿಮಗೆ ಹಿಡಿಸಿತಾ?"

ನಾನು ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿದ್ದೆ. ಅತ್ತೆ ಸೌಟು ಹಿಡಿದೇ ಮುಖ ಅರಳಿಸಿದರು.

"ಅಯ್ಯೋ, ಅದೇನ್ ಅಂಗೆ ಕೇಳ್ತೀರಿ ಸಾ? ಸ್ವರ್ಗ ಕಣಪ್ಪಾ ಸ್ವರ್ಗ! ಬರಾಕೇ ಮನಸಿರ್ನಿಲ್ಲ. ಸಾಯೋಗಂಟ ಅಲ್ಲೇ ಇದ್ಬುಡಾಣ ಅನ್ನುಸ್ತು."

ಮನೆಗೆ ಬಂದ ದೊಡ್ಡವರ ಮುಂದೆ ಹೀಗಲ್ಲದೆ ಇನ್ನು ಹೇಗೆ ಹೇಳಿಯಾರು? ನಮ್ಮ ಕಡೆಯವರಾದರೆ "ಎಲ್ಲಾ ನಿಮ್ ಅಭಿಮಾನ" ಎಂದು ನಕ್ಕು ಮರೆತುಬಿಡುತ್ತಿದ್ದರು. ಸಾಹುಕಾರರು ಹಾಗಲ್ಲ, ಅವರ ಕಣ್ಣಲ್ಲಿ ನೀರೇ ಬಂತು. "ಇಷ್ಟು ಮನಸ್ಸಿದ್ದ ಮೇಲೆ ಮುಗೀತು. ಬರೋ ತಿಂಗಳೇ ಮೂರೂ ಜನ ಬಂದುಬಿಡಿ. ಅಡುಗೆಮನೆ ಪಕ್ಕದ ಕೋಣೆ ಅಮ್ಮನಿಗೇ" ಎಂದು ನಮ್ಮವರ ಕೈ ಕುಲುಕಿ, ಇನ್ನೊಂದು ಮುದ್ದೆ ಬರುವ ಮುಂಚೆ ಕಾರು ಹತ್ತಿದರು.

ಕಾರಿನ ಧೂಳು ಇನ್ನೂ ಇಳಿದಿರಲಿಲ್ಲ.

"ಅವ್ವಾ, ಯಾಕಂಗಂದೆ?" ಅಂದರು ನಮ್ಮವರು.

"ಮತ್ತೆ? ಉಣ್ತಾ ಕೂತಿರೋರ್ಗೆ ನಿಮ್ಮನೆ ಚೆನ್ನಾಗಿಲ್ಲ ಅಂತ ಏಳ್ಲಾ? ಆವಯ್ಯ ಅದ್ನ ನಿಜ ಅನ್ಕಂಡ್ರೆ ನಾನೇನ್ ಮಾಡ್ಲಿ?"

"ಓಗಿ ಬ್ಯಾಡ ಅಂತ ಏಳ್ಬುಡ್ಲಾ?"

ಅತ್ತೆ ಸೌಟು ಕೆಳಗಿಟ್ಟರು. "ಬ್ಯಾಡ ಕಣ್ಮಗಾ. ಆಡ್ಬುಟ್ಟಿದ್ದೀನಿ. ನಡೀರಿ ಅತ್ಲಾಗೆ."

ನನ್ನ ಸ್ಥಿತಿ ನೀವೇ ಊಹಿಸಿ. ಕ್ವಾರ್ಟರ್ಸ್ ಸಿಕ್ಕಿತು, ಸಮುದ್ರ ಸಿಕ್ಕಿತು, ಅಡುಗೆಮನೆ ಸಿಕ್ಕಿತು, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಅತ್ತೆಯೂ ಸಿಕ್ಕರು. ಹೊರಡುವ ದಿನ ಓರಗಿತ್ತಿ ಅತ್ತೆಯ ಟ್ರಂಕನ್ನು ತಾನೇ ಹೊತ್ತು ಬಸ್ಸಿನ ತನಕ ತಂದಳು. "ಓಗ್ಬ್ಯಾಡಿ ಕಣತ್ತೆ" ಅಂದಳು. ಒಂದೇ ಒಂದು ಸಲ ಅಂದಳು. ಸೆರಗು ಹಿಡಿಯಲಿಲ್ಲ, ಟ್ರಂಕು ಕೆಳಗಿಳಿಸಲಿಲ್ಲ. ಬಸ್ಸು ತಿರುಗುವಾಗ ಹಿಂದೆ ನೋಡಿದರೆ ಆಕೆ ಮನೆ ಕಡೆಗೆ ಹೆಚ್ಚುಕಡಿಮೆ ಓಡುತ್ತಿದ್ದಳು. ಊರು ಬಿಡದೆ, ಘಟ್ಟ ಇಳಿಯದೆ, ಒಲೆ ಸಿಕ್ಕಿದ್ದು ಅವಳಿಗೆ!

ನಡುಗಡ್ಡೆಯಲ್ಲಿ ನಾವು ಕೆಲವು ವರ್ಷ ಇದ್ದೆವು. ನನ್ನ ಮುದ್ದೆಯನ್ನು ಅತ್ತೆ ಅಲ್ಲೂ ಮುರಿದು ನೋಡಿದರು, ಕಡಲಿನ ಬೆಳಕಿನಲ್ಲಿ ಗಂಟು ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಬೇರರ್‌ಗೆ ಬಡಿಸುವುದನ್ನೂ ಕಲಿಸಿದರು. ಒಮ್ಮೆ ಒಬ್ಬ ಬಿಳಿ ದೊರೆ, ತಾನು ಬೇಡ ಬೇಡ ಅಂದಷ್ಟೂ ತಂದು ಹಾಕುತ್ತಾರೆ ಎಂದು ಸಾಹುಕಾರರಿಗೆ ದೂರು ಕೊಟ್ಟು, ಹೊಟ್ಟೆ ಹಿಡಿದುಕೊಂಡು ದೋಣಿ ಹತ್ತಿದ.

ಹಾಗಾಗಿ ಫೋಟೊ ಹಾಕಿದವರಿಗೆ ನನ್ನ ಉತ್ತರ: ಕಡಲು ಚೆಂದ, ಹಾಸಿಗೆ ಚೆಂದ. ಆದರೆ ಕೇಳಿದ ಕೂಡಲೇ "ಹ್ಞೂಂ, ಬೇಕು" ಅನ್ನಲು ಬಾಯಿ ಬರುವವರು ಮಾತ್ರ ಹೋಗಿ. ನನಗೆ ಇವತ್ತಿಗೂ ಬರುವುದಿಲ್ಲ. ನಿಮ್ಮ ಕಡೆ ಹೇಗೆ? ಮರ್ಯಾದೆಯ ಒಂದು ಮಾತಿಗೆ ನೀವೇನು ಕಳೆದುಕೊಂಡಿರಿ, ಏನನ್ನು ಗಂಟು ಹಾಕಿಕೊಂಡಿರಿ? ಕೆಳಗೆ ಬರೆಯಿರಿ. ಬರೆಯಲು ಏನೂ ಇಲ್ಲ ಅಂದರೆ ನಾನು ನಂಬುವುದಿಲ್ಲ, ಮತ್ತೆ ಮತ್ತೆ ಕೇಳುತ್ತೇನೆ.