ಜಾರುವ ಗೇಟಿಗೊಂದು ಹೊಸ್ತಿಲು

ಕುಷ್ಟಗಿಯ ನಮ್ಮ ಮನೆಯ ಕಂಪೌಂಡಿನ ಕಟ್ಟಿಗೆಯ ಬಾಗಿಲನ್ನು ಗೆದ್ದಲು ತಿಂದ ಮೇಲೆ, ಅಲ್ಲಿಗೆ ಜಾರುವ ಕಬ್ಬಿಣದ ಗೇಟು ಬಂತು. ಒಂದು ಕೈಯಿಂದ ತಳ್ಳಿದರೆ ನೆಲದ ಹಳಿಯ ಮೇಲೆ ಗುರ್ರೆಂದು ಸರಿಯುತ್ತಿತ್ತು. ನನಗಂತೂ ಹಿಡಿಸಿತು. ಕಾನ್ವೆಂಟಿನಲ್ಲಿ ಓದಿದವಳು ನಾನು. ಎರಡನೆಯ ಗಂಟೆ ಬಾರಿಸಿದ ಕೂಡಲೇ ಸಿಸ್ಟರ್ ಮುಚ್ಚಿಸುತ್ತಿದ್ದ ಗೇಟಿನ ಸದ್ದು ಇನ್ನೂ ಕಿವಿಯಲ್ಲಿದೆ. ಗೇಟೆಂದರೆ ಸರಿಯಾಗಿ ಮುಚ್ಚಬೇಕು, ಅಷ್ಟೇ ನನಗೆ ಗೊತ್ತಿದ್ದದ್ದು. ಇದಕ್ಕೆ ಹೊಸ್ತಿಲಿಲ್ಲ ಎಂಬುದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಅತ್ತೆಯ ಕಣ್ಣಿಗೆ ಬಿತ್ತು. ಮೊದಲ ಅಮಾವಾಸ್ಯೆಯ ಬೆಳಿಗ್ಗೆ ಅವರು ಆ ಹಳಿಯನ್ನೇ ಹೊಸ್ತಿಲೆಂದು ತೊಳೆದು, ಅರಿಸಿನ ಬಳಿದು, ಕುಂಕುಮವಿಟ್ಟು, ಉದ್ದಕ್ಕೂ ರಂಗೋಲಿ ಎಳೆದರು. ಹಳಿಯಲ್ಲಿದ್ದ ಗ್ರೀಸಿನೊಂದಿಗೆ ಎಲ್ಲ ಕಲಸಿ ಮುದ್ದೆಯಾಯಿತು. ಗಾಲಿಗಳು ಅಲ್ಲೇ ಕಚ್ಚಿಕೊಂಡವು. ಕಚೇರಿಗೆ ಹೊರಟಿದ್ದ ನಮ್ಮ ಯಜಮಾನರ ಬೈಕು ಒಳಗೇ ಉಳಿಯಿತು.

"ಕಂಪೌಂಡ್ ಜಿಗಿದು ಹೋಗು. ಸಾಲಿ ತಪ್ಪಿಸಾಕ ಜಿಗೀತಿದ್ದಿಲ್ಲೇನು?" ಎಂದರು ಅತ್ತೆ.

ವೆಲ್ಡಿಂಗಿನವನು ಬಂದು ಸ್ಕ್ರೂಡ್ರೈವರಿನಿಂದ ಅರಿಸಿನ ಕೆರೆಯುತ್ತ ಕುಳಿತ. "ಅಮ್ಮಾರ, ಇದು ಗಾಲಿ ಓಡೋ ಹಳಿ ಐತ್ರಿ. ಇಲ್ಲೆ ಪೂಜಿ ಮಾಡಿದ್ರ ನಾ ವಾರಕ್ಕೊಮ್ಮೆ ಪ್ರಸಾದಕ್ಕ ಬರಬೇಕಾಗ್ತೈತಿ."

"ಹಂಗಾರ ಲಕ್ಷ್ಮಿ ಎಲ್ಲಿ ಕಾಲಿಟ್ಟು ಬರಬೇಕಪಾ? ನಿನ್ನ ಗ್ರೀಸಿನ್ಯಾಗ ಜಾರಿ ಬೀಳಬೇಕೇನು?"

ಅವನು ನಕ್ಕ. ಅತ್ತೆ ನಗಲಿಲ್ಲ.

ಅಂದಿನಿಂದ ಅವರು ಪ್ರತಿ ಶುಕ್ರವಾರ ಅಂಗಳ ತೊಳೆದು, ಅರಿಸಿನದ ಬಟ್ಟಲು ಹಿಡಿದು ಗೇಟಿನವರೆಗೆ ಹೋಗುವರು. ಹಳಿಯ ಮುಂದೆ ಸ್ವಲ್ಪ ಹೊತ್ತು ನಿಂತು, ಹಾಗೆಯೇ ಹಿಂದಿರುಗುವರು. ಬೆರಳಿನ ಅರಿಸಿನವನ್ನು ಸೆರಗಿಗೆ ಒರೆಸಿಕೊಳ್ಳುವುದನ್ನು ನಾನು ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಮೂರನೆಯ ವಾರ ತಡೆಯಲಾಗಲಿಲ್ಲ.

"ಅತ್ತಿ, ಒಳಬಾಗಲಕ್ಕ ಹೊಸ್ತಿಲ ಐತಲ್ರಿ?"

"ಅದು ಮನೀದು ಯವ್ವಾ. ಓಣಿಯಿಂದ ಬಂದವರಿಗೆ ಬಾ ಅನ್ನೋದು ಇದು. ಇದಕ್ಕ ಕೈ ಮುಟ್ಟದಿದ್ರ, ನನಗ ಬ್ಯಾರೆಯವರ ಮನ್ಯಾಗ ಇದ್ದಂಗ ಅನಸ್ತೈತಿ."

ಮೂವತ್ತು ವರ್ಷ ಆ ಜಾಗಕ್ಕೆ ಅರಿಸಿನ ಹಚ್ಚಿದ ಕೈ ಅದು. ಅವರ ತವರು ಆನೆಗೊಂದಿ. ಅಲ್ಲಿಯ ಬಾಗಿಲು ಹೇಗಿತ್ತೆಂದು ಕೇಳಿದೆ. ಅವರು ಎರಡೂ ಕೈ ಅಗಲಿಸಿ ತೋರಿಸಿದರು: ಆನೆ ಹೋಗುವಷ್ಟು ದೊಡ್ಡ ಬಾಗಿಲು, ತೆರೆಯುತ್ತಿದ್ದದ್ದು ಮದುವೆಗೆ, ಭತ್ತದ ಬಂಡಿಗೆ ಮಾತ್ರ. ದಿನದ ಓಡಾಟಕ್ಕೆ ಅದರ ಹೊಟ್ಟೆಯಲ್ಲೇ ಒಂದು ಪುಟ್ಟ ದಿಡ್ಡಿ ಬಾಗಿಲು. ತಲೆ ಬಗ್ಗಿಸಿ, ಕಾಲೆತ್ತಿ ದಾಟಬೇಕು.

ಕಾಲೆತ್ತಿ! ನಾನು ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ಚಿತ್ರ ಬರೆದು ವೆಲ್ಡಿಂಗಿನವನನ್ನು ಕರೆಸಿದೆ. ಅವನು ಗೇಟಿನ ನಡುವೆ ಒಂದು ದಿಡ್ಡಿ ಕೊರೆದ. ಕೆಳಗೆ ಹೊಸ್ತಿಲಿನಂತೆ ಗೇಣೆತ್ತರದ ಪಟ್ಟಿ ಉಳಿಸಿದ. ಹಳಿಗೂ ಅದಕ್ಕೂ ಸಂಬಂಧವಿಲ್ಲ. ಬೂದು ಬಣ್ಣ ಬಳಿದು ಮುಗಿಸಿದ ಮೇಲೆ ಅವನಿಗೇ ಒಂದು ಅನುಮಾನ ಬಂತು.

"ದೊಡ್ಡ ಗೇಟ್ ಸರಿಸಿದ್ರ ಈ ಹೊಸ್ತಿಲೂ ಅದರ ಜೋಡಿ ಹೋಗ್ತೈತ್ರಿ ಅಮ್ಮಾರ. ನಡೀತೈತೇನ್ರಿ?"

ಅತ್ತೆ ಯೋಚಿಸಿದರು.

"ಹೋಗ್ಲಿ ಬಿಡು. ಹೆಣ್ಮಕ್ಕಳು ತವರಿಗೆ ಹೋಗಿ ಬರಂಗಿಲ್ಲೇನು? ಬರ್ತೈತಿ."

"ಬಣ್ಣ ಹಸಿ ಐತ್ರೀ!" ಎಂದು ಅವನು ಕೂಗುವಷ್ಟರಲ್ಲಿ ಅತ್ತೆ ಕುಕ್ಕರಗಾಲಲ್ಲಿ ಕುಳಿತು, ಪಟ್ಟಿಯ ಈ ತುದಿಯಿಂದ ಆ ತುದಿಗೆ ಅರಿಸಿನ ಬಳಿದಾಗಿತ್ತು.